ಗುಬ್ಬಿಗಳಿಗೆ ತೆಗೆದ ಬಾಗಿಲು

ಆಷ್ಟಬುಲಾ ಬಂದರು, ಓಹಿಯೋ
ಏಪ್ರಿಲ್ 19, 1978

ಪ್ರೀತಿಯ ವೈನೊ,

ಮೊದಲು ಆರೋಗ್ಯ ಕೇಳಬೇಕಲ್ಲ, ಕೇಳುತ್ತೇನೆ. ಮೊಣಕಾಲು ಹೇಗಿದೆ? ಎಂಜಿನ್ ಕೋಣೆಯ ಏಣಿ ಹತ್ತುವಾಗ ಪಟ್ಟಿ ಕಟ್ಟಿಕೊಳ್ಳುತ್ತೀಯೋ, ಇಲ್ಲ ಪೆಟ್ಟಿಗೆಯಲ್ಲೇ ಮಡಿಸಿಟ್ಟಿದ್ದೀಯೋ? ನನ್ನ ಭುಜದ ನೋವಿನ ಸುದ್ದಿ ಕೇಳಬೇಡ, ಅದಕ್ಕೆ ಕಾರಣ ನೀನೇ. ಡೆಟ್ರಾಯಿಟ್ ನದಿಯಲ್ಲಿ ಅಂಚೆ ದೋಣಿಯವನು ಈ ಕಾಗದವನ್ನು ನಿನ್ನ ಹಡಗಿಗೆ ಕೊಡುವಷ್ಟರಲ್ಲಿ ನನ್ನ ಸಿಟ್ಟು ಇಳಿದಿರುತ್ತದೆ ಎಂದುಕೊಂಡಿದ್ದರೆ, ಆ ಆಸೆ ಬಿಡು.

ವಸಂತ ಬಂತು. ಮೊದಲು ಜೊಂಡಿನಲ್ಲಿ ಕೆಂಪು ರೆಕ್ಕೆಯ ಕರಿಹಕ್ಕಿಗಳು ಕೂಗಿದವು, ಆಮೇಲೆ ಚರಂಡಿಯ ಕಪ್ಪೆಗಳು. ಹನ್ನೆರಡನೇ ತಾರೀಖು ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದಾಗ ತಲೆಯ ಮೇಲೆ ಆ ಗುಳುಗುಳು ದನಿ ಕೇಳಿತು. ನಮ್ಮ ಮಾರ್ಟಿನ್ ಹಕ್ಕಿ! ನೇರಳೆಗಪ್ಪು ಗಂಡು, ಒಂದೇ ಒಂದು. ಬ್ರೆಜಿಲಿನಿಂದ ಹಾರಿ, ಕಂಬದ ಮೇಲಿನ ನಮ್ಮ ಹನ್ನೆರಡು ಕೋಣೆಯ ಬಿಳಿ ಮರದ ಗೂಡನ್ನೇ ಹುಡುಕಿಕೊಂಡು ಬಂದಿತ್ತು. ಸಂತೋಷಕ್ಕೆ ಕೈಯಲ್ಲಿದ್ದ ಅಂಗಿ ಕೆಸರಿಗೆ ಬಿತ್ತು. ಆದರೆ ಹನ್ನೆರಡು ಕೋಣೆಗಳಲ್ಲೂ ಗುಬ್ಬಿಗಳು! ಒಂದು ಗುಬ್ಬಿಯಂತೂ ಅದರ ಕತ್ತಿಗೇ ಕುಕ್ಕಿತು. ಪಾಪ, ಮಾರ್ಟಿನ್ ತಂತಿಯ ಮೇಲೆ ಸ್ವಲ್ಪ ಹೊತ್ತು ಕೂತಿದ್ದು ಸರೋವರದ ಕಡೆ ಹೊರಟುಹೋಯಿತು.

ಹತ್ತೊಂಬತ್ತು ವರ್ಷ ನನಗೆ ಪಾಠ ಹೇಳಿದವನು ನೀನು. "ಬಂದವ್ರ ಮುಖ ನೋಡಿ ಬಾಗ್ಲು ತೆಗೀಬೇಕು ಐಲಿ, ಮೊದ್ಲೇ ತೆಗೆದ್ರೆ ಗುಬ್ಬಿ ನುಗ್ತಾವೆ." ಪ್ರತಿ ವರ್ಷ ನಾನು ಕಾದು, ಮಾರ್ಟಿನ್ ಬಂದ ದಿನವೇ ಗೂಡಿನ ಬಾಯಿಗಳಿಗೆ ಹಾಕಿದ ಬಿರಡೆಗಳನ್ನು ಕಿತ್ತು, ತಾರೀಖು ಬರೆದು ನಿನಗೆ ಕಳಿಸಿದ್ದೇನೆ. ಈ ಸಲ ಹಡಗು ಹತ್ತುವ ಹಿಂದಿನ ದಿನ ನೀನೇ ಎಲ್ಲ ಬಿರಡೆ ಕಿತ್ತೆ. "ನಿಂಗೊಂದು ಕೆಲ್ಸ ತಪ್ಪುತ್ತೆ. ಹಡಗಲ್ಲಿ ಇದೇ ಕೊನೇ ವರ್ಷ ಕಣೇ, ಮುಂದಿನ್ ಸಲ ಇಬ್ರೂ ಮೆಟ್ಲ ಮೇಲೆ ಕೂತು ಕಾಯೋಣ" ಅಂದೆ. ನಾನು ಪೆದ್ದಿ, ಪ್ರೀತಿ ಎಂದುಕೊಂಡು ದಾರಿಗೆಂದು ಇನ್ನೊಂದು ಏಲಕ್ಕಿ ಬ್ರೆಡ್ ಕಟ್ಟಿಕೊಟ್ಟೆ.

ನಾಲ್ಕು ದಿನ, ದಿನವೂ ಕಂಬದ ಹಗ್ಗ ಎಳೆದು ಗೂಡು ಇಳಿಸಿದೆ, ಹುಲ್ಲು, ಗರಿ, ನನ್ನದೇ ಉಲ್ಲನ್ ನೂಲು ಎಲ್ಲ ಕಿತ್ತು ಹಾಕಿದೆ. ಪಕ್ಕದ ಮನೆಯ ಲೆಂಪಿ ಬೇಲಿಗೆ ಒರಗಿಕೊಂಡು, "ಗಂಡ ಹೋಗೋ ಆತುರದಲ್ಲಿ ಬಾಗ್ಲು ಹಾಕೋದು ಮರೆತ್ನೇನೇ?" ಎಂದು ನಕ್ಕಳು. ಕೊನೆಗೆ ಅವಳೇ ಹಗ್ಗ ಹಿಡಿದಳು. ನನಗೆ ಗುಬ್ಬಿಗಳ ಮೇಲೆ ಸಿಟ್ಟಿಲ್ಲ. ತೆರೆದ ಬಾಗಿಲು ಕಂಡವು, ಬಂದವು. ಕೋಣೆಗಳನ್ನೆಲ್ಲ ಮತ್ತೆ ಮುಚ್ಚಿದೆ. ಮೊನ್ನೆ ಮಾರ್ಟಿನ್ ತಿರುಗಿ ಬಂತು, ಜೊತೆಗೆ ಹೆಣ್ಣೂ ಇತ್ತು. ಮುಖ ನೋಡಿ, ಎರಡೇ ಕೋಣೆ ತೆಗೆದೆ.

ಲೆಂಪಿ ನಿನ್ನ ಕ್ಷೇಮ ಕೇಳಿದಳು. ಮಳೆಯಲ್ಲಿ ಡೆಕ್ಕಿನ ಮೇಲೆ ನಿಲ್ಲಬೇಡ. ದೇವರು ನಿನ್ನನ್ನು ಕಾಯಲಿ, ನನ್ನ ಕೈಗೆ ಸಿಗುವ ತನಕವಾದರೂ.

ಇಂತಿ ನಿನ್ನ
ಐಲಿ

ತಾ.ಕ.: ಲೆಂಪಿ ಅಂಚೆಗೆ ಹೊರಟು ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ನಿನ್ನ ಹೆಸರಿಗೆ ಕಂಪನಿಯ ಕಾಗದ ಬಂದಿತ್ತು, ಒಡೆದು ಓದಿದೆ. ಇನ್ನೂ ಎರಡು ವರ್ಷ ಹಡಗಿನಲ್ಲೇ ಇರುತ್ತೇನೆಂದು ಫೆಬ್ರವರಿಯಲ್ಲೇ ಸಹಿ ಹಾಕಿದ್ದೀಯ. ಆಮೇಲೆ ಮಾರ್ಚಿನಲ್ಲಿ ಕಂಬದ ಕೆಳಗೆ ನಿಂತು ನನಗೆ ‘ಇದೇ ಕೊನೇ ವರ್ಷ’ ಎಂದು ಹೇಳಿದೆ. ಚಾಪೆಯ ಕೆಳಗಿನ ಬೀಗದಕೈ ಒಳಗೆ ತಂದಿಟ್ಟಿದ್ದೇನೆ. ಬಂದ ದಿನ ಬಾಗಿಲು ಬಡಿ. ಮುಖ ನೋಡಿ ತೆಗೆಯುತ್ತೇನೆ.