ಮುದ್ದೆ ಕೊಟ್ಟಿಗೆ

ಬಿಸಿಲುಮಾಸ ೩೪, ೨೧೮೮
ನೆರಳುಬೀದಿ, ಮಧುಗಿರಿ

ಹಿಂದಿನ ಕಾಲದ ಹಿರಿಯರೇ,

ತಾರೀಖು ನೋಡಿ ಬೆಚ್ಚಬೇಡಿ. ಬೇಸಿಗೆ ಉದ್ದವಾದ ಮೇಲೆ ನಮ್ಮವರು ನಲವತ್ತು ದಿನದ ಒಂದು ತಿಂಗಳನ್ನೇ ಹೊಸದಾಗಿ ಸೇರಿಸಿದರು. ನೆರಳುಬೀದಿ ಎಂದರೆ ಸೂರು ಹಾಕಿದ ಬೀದಿ; ಸೂರಿಲ್ಲದ ಕಡೆ ಈಗ ಹಗಲು ಯಾರೂ ನಡೆಯುವುದಿಲ್ಲ. ಬೇರೆ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಹೈಸ್ಕೂಲಷ್ಟೇ ಓದಿದವಳು, ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ.

ನನ್ನ ಕೈ ನಡುಗುತ್ತದೆ. ಮುರಿಯಲು ಹೋದರೆ ಮುದ್ದೆ ತಟ್ಟೆಯ ತುಂಬ ಜಾರುತ್ತದೆ, ಸಾರು ಸೆರಗಿಗೆ ಹಾರುತ್ತದೆ. ಅದಕ್ಕೆ ಕೆಟ್ಟ ಪಂಪಿನ ದೊಡ್ಡ ರಬ್ಬರ್ ವಾಷರನ್ನು ತಟ್ಟೆಯ ನಡುವೆ ಅಂಟಿಸಿದೆ. ಮುದ್ದೆ ಅದರೊಳಗೆ ಕಟ್ಟಿಹಾಕಿದ ಹಸುವಿನಂತೆ ಕೂರುತ್ತದೆ. ತಟ್ಟೆಯ ಆಚೆ ಬದಿಯ ಅಡಿಗೆ ಮರದ ಬಿಲ್ಲೆಯಿಟ್ಟೆ. ಸಾರು ಈಚೆಗಿಳಿದು ನನಗಾಗಿ ಕಾಯುತ್ತದೆ. ಇದರ ಹೆಸರು ಮುದ್ದೆ ಕೊಟ್ಟಿಗೆ. ಮಜ್ಜಿಗೆಯ ಕರಿಬೇವು ಬಾಯಿಗೆ ಬಾರದಂತೆ ಲೋಟದಂಚಿಗೆ ಬಾಚಣಿಗೆಯ ತುಂಡು, ಹಪ್ಪಳ ಸಾರಿನಲ್ಲಿ ನೆನೆಯದಂತೆ ಬಟ್ಟೆ ಕ್ಲಿಪ್ಪು, ಇವೂ ನನ್ನವೇ.

ಸೊಸೆ ಸಿರಿಯಮ್ಮನಿಗೆ ಇದೆಲ್ಲ ಅವಮಾನವಂತೆ. ಮೊಮ್ಮಗಳನ್ನು ಕೊಟ್ಟ ಬೀಗರು ಊಟಕ್ಕೆ ಬಂದ ದಿನ ನನ್ನ ತಟ್ಟೆಯನ್ನು ಅಟ್ಟಕ್ಕೆಸೆದು ತುತ್ತುಗೈ ತಂದು ನಿಲ್ಲಿಸಿದಳು. ಅದು ಕೈಲಾಗದವರ ಬಾಯಿಗೆ ತುತ್ತಿಡುವ ಯಂತ್ರ. "ಅತ್ತೆ, ಬೀಗ್ರ ಮುಂದೆ ಆ ರಬ್ಬರ್ ತಟ್ಟೆ ಬ್ಯಾಡ. ನೀವ್ ಸುಮ್ನೆ ಬಾಯ್ ತೆಗೀರಿ ಸಾಕು" ಎಂದಳು. ಈ ಮನೆಯಲ್ಲಿ ನಾನು ಬಾಯಿ ತೆಗೆದರೆ ಮಿಕ್ಕವರು ಮುಚ್ಚಿಕೊಳ್ಳುತ್ತಿದ್ದ ಕಾಲವಿತ್ತು!

ಆ ಯಂತ್ರ ಮಾಡಿದವನು ಮುದ್ದೆ ಉಂಡವನೇ ಅಲ್ಲ. ಮುದ್ದೆಯನ್ನು ನುಂಗಬೇಕು, ಅಗಿಯಬಾರದು. ನಾನು ನುಂಗಿದೆ. ಅದು ತುತ್ತು ತಡೆದು, "ದಯವಿಟ್ಟು ಅಗಿಯಿರಿ" ಎಂದಿತು. ಮತ್ತೆ ನುಂಗಿದೆ. ಗಂಟಲಿಗೆ ಸಿಕ್ಕಿಕೊಂಡಿತೆಂದು ಬಗೆದು ನನ್ನ ಬೆನ್ನಿಗೆ ಗುದ್ದಿ, ಗಂಟೆ ಬಾರಿಸಿ, ಆಸ್ಪತ್ರೆಯವರನ್ನೇ ಕರೆಯಿತು. ಪಂಕ್ತಿಯೆಲ್ಲ ಎಂಜಲು ಕೈಯಲ್ಲಿ ಎದ್ದು ನಿಂತಿತು. ಬೀಗಿತ್ತಿ ತಿಮ್ಮಾಜಮ್ಮ, "ಪಾಪ, ಅಜ್ಜಿಗೆ ಗಂಜಿ ಕುಡುಸ್ರಮ್ಮ" ಎಂದಳು. ಗಂಜಿ! ನನಗೆ! ಅಂದಿನಿಂದ ಮನೆಯವರು ಅದನ್ನೇ ಗೊತ್ತುಮಾಡಿದರು. ಪಂಕ್ತಿಯಲ್ಲಿ ನನಗೆ ಜಾಗವೂ ಇಲ್ಲ, ಒಳಕೋಣೆಯಲ್ಲಿ ಬಟ್ಟಲು.

ನಿನ್ನೆ ಊಟದ ಹೊತ್ತಿಗೆ ಕೋಲಿನಿಂದ ತಳ್ಳಿ ಅಟ್ಟದಿಂದ ತಟ್ಟೆ ಬೀಳಿಸಿದೆ. ಆ ಸದ್ದಿಗೆ ಮನೆಯೇ ಓಡಿಬಂತು. ಪಂಕ್ತಿಯ ಮೊದಲಿಗೆ ಕೂತು, "ಮುದ್ದೆ ಇಕ್ಕೇ ಸಿರಿ" ಎಂದೆ. ನನ್ನ ಮುಖ ನೋಡಿದಳು, ಇಕ್ಕಿದಳು. ಕೊನೆಯ ತುತ್ತಿನವರೆಗೆ ನನ್ನ ಕೈಯಲ್ಲೇ ಉಂಡೆ.

ನಿಮ್ಮ ಮೇಲೂ ಸಿಟ್ಟಿದೆ. ಚೆಲ್ಲುತ್ತಾರೆಂದು ಮುದುಕರ ಕೈಯಿಂದ ತಟ್ಟೆ ಕಿತ್ತುಕೊಳ್ಳುವುದನ್ನು ಶುರುಮಾಡಿದವರು ನೀವು. ನಿಮ್ಮ ಮನೆಯಲ್ಲಿ ಕೈ ನಡುಗುವವರಿದ್ದರೆ ಇವತ್ತೇ ತಟ್ಟೆಯನ್ನು ತಿದ್ದಿಕೊಡಿ. ಆಮೇಲೂ ಚೆಲ್ಲಿದರೆ ನೆಲ ಒರೆಸಿ.

ಓಬಳಮ್ಮ,
ಈ ಮನೆಯ ಯಜಮಾನಿ