ಯಾವ ತಿಂಗಳಿಗೂ ಸೇರದ ದಿನ

ಶುಕ್ರವಾರ, ನವೆಂಬರ್ 14
(ನಿನ್ನ ಹದಿಮೂರು ತಿಂಗಳ ವರ್ಷ ಶುರುವಾಗುವುದು ಜನವರಿಯಿಂದ ತಾನೇ? ಅಲ್ಲಿಯತನಕ ನನ್ನದು ಹಳೆಯ ಲೆಕ್ಕ.)

ನನ್ನ ಗುಂಡಮ್ಮನಿಗೆ ಅಮ್ಮನ ಮುತ್ತುಗಳು.

ಫೋನಿನಲ್ಲೇ ಹೇಳಬಹುದಿತ್ತು. ಮೂರು ಸಲ ಮಾಡಿದೆ, ಮೂರು ಸಲವೂ ಊಟ ಆಯಿತಾ ಎಂದು ಕೇಳಿ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ನಾಳೆಯೇ ನಿನಗೆ ಸಿಗಲಿ ಎಂದು ಪಕ್ಕದ ಮನೆಯ ಡ್ರೈವರ್ ಕೈಲಿ ಕಳಿಸುತ್ತಿದ್ದೇನೆ. ಕೂತುಕೊಂಡು ಓದು.

ಕಳೆದ ತಿಂಗಳು ಚಿಕ್ಕಮ್ಮ ನಿನಗೆಂದು ತಂದ ನೀಲಿ ಅಂಗಿ ಇನ್ನೂ ಇಲ್ಲೇ ಇದೆ. ಪ್ರತಿ ವರ್ಷದ ಹಾಗೆ ಡಿಸೆಂಬರ್ ಕೊನೆಯ ನಿನ್ನ ಹುಟ್ಟುಹಬ್ಬದ ಬಟ್ಟೆ ಹಿಡಿದು ಅಕ್ಟೋಬರ್ 9ಕ್ಕೇ ಹಾಜರ್! ಹೊಸ ಕ್ಯಾಲೆಂಡರಿನ ಮೊದಲ ಪ್ರತಿ ಅವಳಿಗೇ ಕೊಡಬೇಕು ಎಂದು ನೀನು ಎಷ್ಟು ನಕ್ಕಿದ್ದೆ.

ಪತ್ರಿಕೆಯಲ್ಲಿ ನಿಮ್ಮ ಕ್ಯಾಲೆಂಡರ್ ಮಂಡಳಿಯ ನಿಯಮಗಳನ್ನು ಓದಿದೆ. ತಿಂಗಳಿಗೆ ಇಪ್ಪತ್ತೆಂಟೇ ದಿನ, ಹದಿಮೂರು ತಿಂಗಳೂ ಸಮಸಮ. ಕೊನೆಗೆ ಉಳಿಯುವ ಡಿಸೆಂಬರ್ 31 ಯಾವ ತಿಂಗಳಿಗೂ ಯಾವ ವಾರಕ್ಕೂ ಸೇರದ ರಜಾದಿನ. ಹದಿಮೂರನೆಯದಕ್ಕೆ ಏನು ಹೆಸರಿಡುತ್ತಾರೋ ಎಂದು ಇಲ್ಲಿ ದರ್ಜಿಯಿಂದ ಹಿಡಿದು ಡಾಕ್ಟರವರೆಗೆ ಎಲ್ಲರಿಗೂ ಅದೇ ಮಾತು. ನಾನು ಮತ್ತೆ ಮತ್ತೆ ಓದಿದ್ದು ಕೊನೆಯ ಸಾಲನ್ನು. ಆ ದಿನ ಹುಟ್ಟಿದವರೆಲ್ಲ ಜನನ ದಾಖಲೆಯ ಮೂಲ ಪುಸ್ತಕ ತೆರೆಸಿ, ಪರಿಶೀಲನೆ ಮಾಡಿಸಿ ಹೊಸ ತಾರೀಕು ಪಡೆಯಬೇಕಂತೆ. ಮೊದಲನೆಯದು ಸೋಮವಾರ ಹನ್ನೊಂದು ಗಂಟೆಗೆ, ಪತ್ರಕರ್ತರ ಎದುರಿಗೆ. ಅದೂ ಮಂಡಳಿಯ ಕಾರ್ಯದರ್ಶಿಯದೇ, ಅಂದರೆ ನಿನ್ನದೇ.

ಗುಂಡಮ್ಮ, ಆ ಪುಸ್ತಕ ಬರೆದವಳು ನಾನು.

ನಮ್ಮ ಜನನ ನೋಂದಣಿ ಕಚೇರಿಯ ಪದ್ಧತಿ ನಿನಗೂ ಗೊತ್ತು. ದಿನವೂ ಸಂಜೆ ಕೊನೆಯ ಹೆಸರಿನ ಕೆಳಗೆ ಕೆಂಪು ಗೆರೆ ಎಳೆಯಬೇಕು. ಗೆರೆ ಬಿದ್ದ ಮೇಲೆ ಒಂದು ಚುಕ್ಕೆಯನ್ನೂ ಸೇರಿಸುವಂತಿಲ್ಲ. ಹಳೆಯ ತಾರೀಕಿನ ಮಗುವನ್ನು ಬರೆಸಬೇಕಾದರೆ ವಿಚಾರಣೆ, ಇಬ್ಬರು ಸಾಕ್ಷಿಗಳು. ಇವತ್ತೇ ಹುಟ್ಟಿತು ಎಂದರೆ ಯಾರೂ ಕೇಳುವುದಿಲ್ಲ. ವರ್ಷದ ಕೊನೆಯ ಸಂಜೆ ಸಾಹೇಬರು ಬೇಗ ಮನೆಗೆ ಹೋದರು. ಗೆರೆ ಎಳೆಯುವ ಮುನ್ನ ನಿನ್ನನ್ನು ಬರೆದೆ. ತಾಯಿ ಎಂಬಲ್ಲಿ ನನ್ನ ಹೆಸರು ಬರೆದೆ. ಹೆರಿಗೆ ಮಾಡಿಸಿದ ನರ್ಸಿನ ಸಹಿಯ ಜಾಗ ಮಾತ್ರ ಖಾಲಿ ಬಿಟ್ಟೆ. ಇನ್ನೊಬ್ಬರ ಸಹಿ ಹಾಕಲು ಕೈ ಬರಲಿಲ್ಲ. ಸೋಮವಾರ ಎಲ್ಲರ ಕಣ್ಣು ಮೊದಲು ಬೀಳುವುದು ಅಲ್ಲಿಗೇ.

ಆ ಹೊತ್ತಿಗೆ ನೀನು ಹುಟ್ಟಿ ಎರಡೂವರೆ ತಿಂಗಳು ದಾಟಿತ್ತು. ನಿನ್ನನ್ನು ಹೆತ್ತವಳು ನಾನಲ್ಲ. ಬರೆದಾಯಿತು, ಇನ್ನು ಹೊಡೆದುಹಾಕುವುದಿಲ್ಲ. ಹೆತ್ತವಳಿಗೆ ಆಗ ಹತ್ತೊಂಬತ್ತು. ಮದುವೆಯಾಗುತ್ತೇನೆ ಎಂದವನು ಕೈಕೊಟ್ಟಿದ್ದ. ನಮಗೆ ಮಕ್ಕಳಿರಲಿಲ್ಲ. ನಿಮ್ಮಪ್ಪ ನಿನ್ನನ್ನು ಎತ್ತಿಕೊಂಡವರು ಕೆಳಗೆ ಇಳಿಸಲೇ ಇಲ್ಲ. ಪುಸ್ತಕದ ಲೆಕ್ಕದಲ್ಲಿ ನಿನಗೆ ಮೂರು ತಿಂಗಳಿಗೇ ಹಲ್ಲು, ಎಂಟಕ್ಕೇ ನಡಿಗೆ! ನೆರೆಯವರು ಮೂಗಿನ ಮೇಲೆ ಬೆರಳಿಟ್ಟರು. ಗುಂಡಮ್ಮ ಎಂದು ಹೆಸರು ಬಿದ್ದದ್ದೂ ಆಗಲೇ.

ಯಾರು ಎಂದು ಕೇಳಬೇಡ, ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ಪುಸ್ತಕ ತೆರೆಯಬೇಡ ಎನ್ನಲು ನನಗೆ ಬಾಯಿಲ್ಲ. ಸುಳ್ಳು ಹೇಳಬಾರದು ಎಂದು ನಿನಗೆ ಕಿವಿ ಹಿಂಡಿ ಕಲಿಸಿದವಳು ನಾನೇ. ನನಗೆ ಏನಾದರೂ ಆಗಲಿ. ಆದರೆ ಅಷ್ಟು ಜನ ಅಪರಿಚಿತರ ನಡುವೆ ನಿಂತು ನೀನು ಇದನ್ನು ಮೊದಲ ಸಲ ತಿಳಿಯುವುದು ಬೇಡ. ನನಗೆ ಹೆದರಿಕೆಯಾಗುತ್ತಿದೆ ಮಗಳೇ.

ಇನ್ನೂ ಹಾಗೆ ಕರೆಯುವೆಯಾದರೆ,
ನಿನ್ನ ಅಮ್ಮ

ಮತ್ತೆ: ಕಾಗದ ಡ್ರೈವರ್ ಕೈಲಿ ಬರುತ್ತಿಲ್ಲ. ಮಡಿಚುವ ಮೊದಲು ಚಿಕ್ಕಮ್ಮನಿಗೆ ಓದಿ ಹೇಳಿದೆ. ಕೊಟ್ಟ ಮಾತು ಸಾಕು ಅಕ್ಕಾ, ಬರ್ದ್‌ಬಿಡು ಅಂದಳು. ಬರೆಯುತ್ತಿದ್ದೇನೆ: ನಿನ್ನ ಹುಟ್ಟುಹಬ್ಬದ ತಾರೀಕು ಅವಳಿಗೆ ಒಂದು ವರ್ಷವೂ ತಪ್ಪಿಲ್ಲ. ಹೆತ್ತವಳಿಗೆ ಹೇಗೆ ತಪ್ಪೀತು? ಇಬ್ಬರೂ ಕೂತು ಪತ್ರಿಕೆಯಲ್ಲಿ ಬಂದ ನಿನ್ನ ಕೋಷ್ಟಕದಲ್ಲಿ ಹುಡುಕಿದೆವು. ಅಕ್ಟೋಬರ್ 9 ಹೊಸ ಲೆಕ್ಕದಲ್ಲಿ ಹನ್ನೊಂದನೆಯ ತಿಂಗಳ ಎರಡನೆಯ ದಿನ. ಈಗ ನೀಲಿ ಅಂಗಿ ಹಿಡಿದು ನಿನ್ನ ಎದುರಿಗೆ ನಿಂತಿದ್ದಾಳಲ್ಲ, ಅವಳನ್ನೂ ಕೂರಿಸು.