ಬೆನ್ನ ಹಿಂದಿನ ಕೊಕ್ಕೆ

ಕೇಣಿ, ಅಂಕೋಲಾ
ಮಂಗಳವಾರ, ೧೧ ಫೆಬ್ರವರಿ ೨೦೨೫

ಪ್ರೀತಿಯ ಚಂದನಾಳ ಅಪ್ಪನಿಗೆ,

ಈ ಪತ್ರದಲ್ಲಿ ಒಂದು ಕಥೆ ಬರುತ್ತದೆ. ಅದನ್ನು ಮೊದಲು ಹೇಳಿದವನು ನಿಮ್ಮ ಗೆಳೆಯ, ಕಿನ್ನರ ಊರಿನ ಭಾಸ್ಕರ. ಹೇಳಿದ್ದು ಮೊನ್ನೆ ಭಾನುವಾರ ಸಂಜೆ, ನಮ್ಮ ಜಗಲಿಯ ಮೇಲೆ, ಎರಡನೇ ಲೋಟ ಚಾ ಕುಡಿಯುವಾಗ. ಯಾರು ಹೇಳಿದರು, ಯಾವಾಗ ಹೇಳಿದರು ಎಂದು ತಿಳಿಸದೆ ಕಥೆ ಶುರುಮಾಡಿದರೆ ನನ್ನ ಅವ್ವ ಗದರುತ್ತಿದ್ದಳು, "ತಾಯಿ ಇಲ್ದ ಕಥಿ ಹೇಳ್ಬೇಡ" ಎಂದು. ಅದಿರಲಿ, ಮೊದಲು ನಿಮ್ಮ ಕ್ಷೇಮ. ಕಿವಿನೋವು ಹೇಗಿದೆ? ಅಂಡಮಾನಿನಲ್ಲಿ ಈಗ ಗಾಳಿ ಕಡಿಮೆಯಾಯಿತೇ? ಭುಜದ ಮೇಲಿನ ಗಾಯ ಒಣಗಿತೇ? ಬಂಡೆ ತಾಗಿ ತರಚಿತು ಎಂದಿದ್ದಿರಿ. ಆ ಬಂಡೆಯ ವಿಷಯ ಆಮೇಲೆ ಬರೆಯುತ್ತೇನೆ.

ಇಲ್ಲಿ ಎಲ್ಲರೂ ಆರಾಮ. ಅತ್ತೆಯ ಮೊಣಕಾಲು ಬೆಳಿಗ್ಗೆ ಮುಷ್ಕರ ಹೂಡುತ್ತದೆ, ಬಸಳೆ ಬುಟ್ಟಿ ಹೊತ್ತು ಅಂಕೋಲೆ ಪೇಟೆಯ ಹಾದಿ ಹಿಡಿದರೆ ತಾನಾಗಿಯೇ ಸರಿಯಾಗುತ್ತದೆ. ಚಂದನಾಳ ಮುಂದಿನ ಹಲ್ಲು ಬಿತ್ತು. ನಿಮಗೆ ತೋರಿಸದೆ ಮಣ್ಣಿಗೆ ಹಾಕುವುದಿಲ್ಲವೆಂದು ಬೆಂಕಿಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾಳೆ. ಮಾವ ಈಗಲೂ ದಿನಕ್ಕೆ ನಾಲ್ಕು ತೆಂಗಿನ ಮರ ಹತ್ತುತ್ತಾರೆ, ಬೇಡವೆಂದರೆ ಐದು ಹತ್ತುತ್ತಾರೆ. ಫೋನು ಇರುವಾಗ ಇವಳು ಪತ್ರ ಯಾಕೆ ಬರೆದಳು ಎಂದು ನೀವು ಕೇಳಬಹುದು. ಫೋನಿನಲ್ಲಿ ನೀವು ನಕ್ಕುಬಿಡುತ್ತೀರಿ. ನೀವು ನಕ್ಕರೆ ನಾನೂ ನಗುತ್ತೇನೆ, ಕೇಳಬೇಕಾದದ್ದು ಬಾಯಲ್ಲೇ ಉಳಿಯುತ್ತದೆ. ಕಾಗದ ನಗುವುದಿಲ್ಲ.

ಹತ್ತು ದಿನದ ಹಿಂದೆ ನೀವು ಫೋನು ಮಾಡಿ, "ನನ್ ಕೊಕ್ಕೆ ಕಳದೋಯ್ತು. ಅಪ್ಪನ ಹತ್ರ ಇನ್ನೊಂದು ಕೆತ್ಸಿ ಭಾಸ್ಕರನ ಸಂಗ್ತಿಗೆ ಕಳ್ಸು" ಎಂದಿರಿ. ಮರ ಹತ್ತುವಾಗ ಮಾವ ಸೊಂಟದ ಹುರಿಗೆ ಕಟ್ಟಿಕೊಂಡು, ಬೆನ್ನ ಹಿಂದೆ ಕತ್ತಿ ನೇತುಹಾಕಿಕೊಳ್ಳುವ ಮರದ ಕೊಕ್ಕೆ. ಅಂಥದೇ ಒಂದನ್ನು ನೀವು ಅಂಡಮಾನಿಗೂ ಕೊಂಡುಹೋಗಿದ್ದಿರಿ, ಊರಿನ ನೆನಪಿಗೆ ಎಂದು. ಮಗ ಕೇಳಿದನೆಂಬ ಖುಷಿಗೆ ಮಾವ ಎರಡು ದಿನ ಅಂಗಳದಲ್ಲಿ ಕುಳಿತು, ಹಲಸಿನ ಕೊಂಬೆ ಕೆತ್ತಿ, ತುದಿಗೆ ಹಕ್ಕಿಯ ಕೊಕ್ಕಿನಂತೆ ಬಾಗು ಕೊಟ್ಟು, ಎಣ್ಣೆ ತಿಕ್ಕಿ ಇಟ್ಟರು. ನಾನು ಮಾತ್ರ ಯೋಚಿಸಿದೆ. ಗೋಡೆಗೆ ತೂಗುಹಾಕಿದ ನೆನಪು ಕಳೆದುಹೋಗುವುದಾದರೂ ಹೇಗೆ?

ಇನ್ನೊಂದು ಅನುಮಾನವೂ ಇತ್ತು. ವರ್ಷವಿಡೀ ನೀವು ಫೋನಿನಲ್ಲಿ ಆಡಿದ್ದು ಒಂದೇ ದೂರು, ನಿಮ್ಮ ತಂಡದ ಮುಖ್ಯಸ್ಥ ಪ್ರಕಾಶರ ನಿಯಮಗಳದ್ದು. ಆಳದ ಡೈವಿಂಗಿಗೆ ಇಳಿಯುವ ಎಲ್ಲರಿಗೂ ಒಂದೇ ಬಗೆಯ ಸಿಲಿಂಡರು, ಒಂದೇ ಉದ್ದದ ಗಾಳಿಯ ಕೊಳವೆ, ದೀಪ ಇದೇ ಕಡೆ, ಕತ್ತಿ ಹೊಟ್ಟೆಯ ಎಡಕ್ಕೆ ಪಟ್ಟಿಯ ಮೇಲೆ, ನೀರಿಗೆ ಬೀಳುವ ಮೊದಲು ತಲೆಯಿಂದ ಕಾಲಿನವರೆಗೆ ಒಬ್ಬರನ್ನೊಬ್ಬರು ಮುಟ್ಟಿ ನೋಡುವುದು. "ಸಾಲಿ ಮಕ್ಕಳಿಗೆ ಯೂನಿಫಾರ್ಮ್ ಹಾಕ್ದಂಗೆ ಮಾಡಿಟ್ಟಾನೆ" ಎಂದು ನೀವು ರೇಗುತ್ತಿದ್ದಿರಿ. ಕೊನೆಯ ಮೂರು ಫೋನಿನಲ್ಲಿ ಆ ದೂರಿನ ಸೊಲ್ಲೇ ಇಲ್ಲ. ದಿನಾ ಕೂಗುವ ಕೋಳಿ ಒಂದು ದಿನ ಕೂಗದಿದ್ದರೆ ಗೂಡು ನೋಡಬೇಕು ಎನ್ನುತ್ತಾಳೆ ಅತ್ತೆ.

ಭಾನುವಾರ ನಿಮ್ಮ ತಂಡದವನೇ ಆದ ಭಾಸ್ಕರ ರಜೆಯ ಕೊನೆಗೆ ಕೊಕ್ಕೆ ಒಯ್ಯಲು ಬಂದ. ಪಕ್ಕದ ಮನೆಯ ಸುಬ್ಬಿಯೂ ಬಂದು ಕುಳಿತಳು. ಮಾತು ಪ್ರಕಾಶರ ನಿಯಮಗಳಿಗೆ ಬಂತು. ಅತ್ತೆ, "ಎಲ್ಲರ ಮೈಗೂ ಒಂದೇ ಅಳತಿ ರವಿಕಿ ಹೊಲ್ಯೂ ದರ್ಜಿ ಅಂವ" ಎಂದಳು. ಹುಟ್ಟಿದಾಗಿಂದ ರವಿಕೆಯನ್ನೇ ತೊಡದ ನಮ್ಮತ್ತೆ ಬೀರಜ್ಜಿ ದರ್ಜಿಯ ತಪ್ಪು ಹಿಡಿದದ್ದಕ್ಕೆ ಸುಬ್ಬಿ ಬಿದ್ದು ಬಿದ್ದು ನಕ್ಕಳು. ಅತ್ತೆ ಬಿಡಲಿಲ್ಲ, "ಸಾಮಾನು ಮಾರೂ ಅಂಗಡಿನೂ ಅವಂದೇಯಾ?" ಎಂದು ಕೇಳಿದಳು. ಭಾಸ್ಕರ ತಲೆ ಕೆರೆದುಕೊಂಡು, "ಅವಂದಲ್ಲ ಅಮ್ಮಾ. ಅಂಗಡಿಯಂವ ಅವನ ದೋಸ್ತ" ಎಂದ. ಅಲ್ಲಿಗೆ ನನಗೂ ಪ್ರಕಾಶರ ಮೇಲೆ ಒಂದು ಸಂಶಯ ಹುಟ್ಟಿತು. ಅದು ಈಗಲೂ ಪೂರ್ತಿ ಹೋಗಿಲ್ಲ. ಮಾವನಂತೂ, "ಹತ್ತೂವವನ ಮೈಗೆ ಅವನ ಮೈಯೇ ಶಾಸ್ತ್ರ" ಎಂದು ತೀರ್ಪು ಕೊಟ್ಟುಬಿಟ್ಟರು.

ಆಗ ಭಾಸ್ಕರ ಲೋಟ ಕೆಳಗಿಟ್ಟು, "ಹಾಂಗಲ್ಲ ಮಾಮಾ, ಒಂದು ಸಂಗತಿ ಹೇಳ್ತೆ" ಎಂದು ಕಥೆ ತೆಗೆದ. ಚೆನ್ನೈ ಕಡೆಯ ಒಬ್ಬ ಡೈವರನಂತೆ. ಮುಳುಗಿದ ಹಡಗೊಂದನ್ನು ನೋಡಲು ಜೊತೆಗಾರನೊಂದಿಗೆ ನಲವತ್ತೈದು ಮೀಟರ್ ಇಳಿದಿದ್ದನಂತೆ. ಬೋಟಿನ ಮೇಲೆ ತಪಾಸಣೆ ಆಗುವಾಗ ಅವನ ಕತ್ತಿ ಹೊಟ್ಟೆಯ ಎಡಕ್ಕೇ ಇತ್ತು. ಮುಖ್ಯಸ್ಥ ಆ ಕಡೆ ತಿರುಗಿದ್ದೇ ತಡ, ಅದನ್ನು ತೆಗೆದು ತನ್ನ ರೂಢಿಯಂತೆ ಬೆನ್ನ ಹಿಂದೆ ಹಕ್ಕಿಮೂತಿಯ ಮರದ ಕೊಕ್ಕೆಗೆ ಸಿಕ್ಕಿಸಿಕೊಂಡ. ಕೆಳಗೆ ಯಾರೋ ಮೀನುಗಾರರು ಕಳೆದುಕೊಂಡ ಬಲೆ ಹಡಗಿನ ಮೇಲೆಲ್ಲ ಹರಡಿತ್ತು. ಅದು ಬೇರೆಲ್ಲೂ ಸಿಗಲಿಲ್ಲ, ಆ ಕೊಕ್ಕೆಯ ಬಾಗಿಗೇ ಸಿಕ್ಕಿತು. ಬಿಡಿಸಿಕೊಳ್ಳಲು ತಿರುಗಿದಷ್ಟೂ ಸುತ್ತಿಕೊಂಡಿತು. ಬೆನ್ನ ಮೇಲಿನ ಜೋಡಿ ಸಿಲಿಂಡರು, ಭುಜ, ಕೈ ಎಲ್ಲ ಬಲೆಯೊಳಗೆ. ಕೆಸರೆದ್ದು ಕಣ್ಣಿಗೆ ಏನೂ ಕಾಣದು. ಜೊತೆಗಾರ ತನ್ನ ಕತ್ತಿಯಿಂದ ಕುಯ್ಯತೊಡಗಿದ. ಎಳೆತಕ್ಕೆ ಅದು ಕೈತಪ್ಪಿ ಕೆಸರಿಗೆ ಬಿತ್ತು. ನೂರು ಸಲ ಅಭ್ಯಾಸ ಮಾಡಿದ ಜೊತೆಗಾರನ ಕೈ ತಾನಾಗಿಯೇ ಸಿಕ್ಕಿಬಿದ್ದವನ ಹೊಟ್ಟೆಯ ಎಡಕ್ಕೆ ಹೋಯಿತು. ಒರೆ ಇತ್ತು, ಕತ್ತಿ ಇರಲಿಲ್ಲ. ಮತ್ತೆ ತಡವಿದ. ಇಲ್ಲ. "ಆ ಹೊತ್ತಿಗೆ ಅವನ ಗಾಳಿ ಅರ್ಧಕ್ಕಿಂತ ಕೆಳಗೆ ಇಳ್ದಿತ್ತು. ಹೆದರ್ದವ್ರು ಗಾಳಿ ನುಂಗ್ತ್ರು ಮಾಮಾ, ಉಸಿರಾಡೂದಿಲ್ಲ" ಎಂದ ಭಾಸ್ಕರ. ಅಷ್ಟು ಆಳದಿಂದ ಒಮ್ಮೆಲೇ ಮೇಲೆ ಬಂದರೆ ರಕ್ತದಲ್ಲಿ ಗುಳ್ಳೆಯೆದ್ದು ಸಾಯುತ್ತಾರಂತೆ. ನಡುನಡುವೆ ನಿಂತು ನಿಂತು ಬರಬೇಕು, ಅಲ್ಲಿಗೂ ಗಾಳಿ ಬೇಕು. ಕೊನೆಗೆ ಜೊತೆಗಾರ ಬಲೆಯೊಳಗೆ ಕೈ ತೂರಿಸಿ, ಬೆನ್ನ ಹಿಂದೆ ತಡಕಿ, ಕತ್ತಿ ಎಳೆದು, ಕೊಕ್ಕೆಯ ಹುರಿಯನ್ನೇ ಕುಯ್ದ. ತನ್ನ ಕೊಳವೆ ಅವನ ಬಾಯಿಗೆ ಕೊಟ್ಟು ಮೇಲೆ ತಂದ. ಮುಖ್ಯಸ್ಥನಿಗೆ ಇಬ್ಬರೂ ಕೊಕ್ಕೆಯ ವಿಷಯ ಮುಚ್ಚಿಟ್ಟು ಒಂದೇ ಮಾತು ಹೇಳಿದರಂತೆ, ಎರಡೂ ಕತ್ತಿ ಕೈತಪ್ಪಿ ಬಿದ್ದವು ಎಂದು.

ಕಥೆ ಚೆನ್ನಾಗಿತ್ತು. ಆದರೆ ನಾನು ಕಥೆ ಕೇಳುತ್ತ ಬೆಳೆದವಳು, ಎಲ್ಲಿ ಹೊಲಿಗೆ ಹಾಕಿದ್ದಾರೆಂದು ನನ್ನ ಕಿವಿಗೆ ತಿಳಿಯುತ್ತದೆ. ಎಲ್ಲರೂ "ದೇವರು ದೊಡ್ಡವ" ಎನ್ನುತ್ತಿದ್ದಾಗ ನಾನು ಕೇಳಿದೆ: ಕೆಸರಿನ ಕತ್ತಲಲ್ಲಿ ಕತ್ತಿ ಬೆನ್ನ ಹಿಂದೆ ಇದೆಯೆಂದು ಆ ಜೊತೆಗಾರನಿಗೆ ಹೇಗೆ ಗೊತ್ತಾಯಿತು? ಭಾಸ್ಕರ, "ಬೋಟಿನ ಮೇಲೆ ಕಂಡಿದ್ದ" ಎಂದ. ಕಂಡವನು ಯಾಕೆ ಸುಮ್ಮನಿದ್ದ ಎಂದೆ. "ನಗಾಡ್ದ" ಎಂದ. ಚೆನ್ನೈಯವನ ಸೊಂಟಕ್ಕೆ ಹಕ್ಕಿಮೂತಿಯ ಮರದ ಕೊಕ್ಕೆ ಎಲ್ಲಿಂದ ಬಂತು ಎಂದೆ. ಅವನು ಮಾವ ಕೆತ್ತಿದ ಹೊಸ ಕೊಕ್ಕೆಯನ್ನು ನೋಡುತ್ತಿದ್ದ, ಹಾವು ನೋಡಿದಂತೆ. "ಕೈ ತೋರ್ಸು" ಎಂದೆ. ಬಲಗೈಯ ಬೆರಳ ಮೇಲೆಲ್ಲ ಸಣ್ಣ ಸಣ್ಣ ಗೀರು, ಬಲೆಯ ಕಣ್ಣಿನ ಅಳತೆಯವು. ನಿಮ್ಮ ಭುಜ ತರಚಿದ ಆ ಬಂಡೆಗೂ ಅದೇ ಅಳತೆಯ ಕಣ್ಣುಗಳಿರಬೇಕು.

ಅತ್ತೆ ಕೊರಳ ಮಣಿಸರವನ್ನು ಹಿಡಿದುಕೊಂಡೇ ಕುಳಿತಳು. ಮೊದಲು ಬಾಯಿ ತೆರೆದವರು ಮಾವ. ಗದರುತ್ತಾರೆ ಎಂದುಕೊಂಡೆ. ಗದರಲಿಲ್ಲ. ಹಿಂದೊಮ್ಮೆ ಅವರ ಜೊತೆಗಾರ ತಿಮ್ಮುವಿಗೆ ಮರದ ತುದಿಯಲ್ಲಿ ತೊಡೆಯ ಸ್ನಾಯು ಹಿಡಿದುಕೊಂಡು ಇಳಿಯಲಾಗದೆ ಹೋದದ್ದು ನಿಮಗೂ ಗೊತ್ತು. ಮಾವ ಕೆಳಗಿನಿಂದ ಹತ್ತಿ, ಅವನ ಬೆನ್ನ ಹಿಂದಿನ ಕತ್ತಿ ಎಳೆದು, ಅಡ್ಡ ಬಂದ ಗರಿ ಕಡಿದು, ಹಗ್ಗ ಕಟ್ಟಿ ಇಳಿಸಿದ್ದರು. ಅದನ್ನೇ ನೆನೆದು ಅವರು ಹೇಳಿದ್ದು ಇಷ್ಟು: "ನಾವು ಹಿಂದೆ ಕಟ್ಟೂದು ನಮ್ಮ ಕೈಗೆ ಸಿಕ್ಕೂಕೆ ಅಂದ್ಕಂಡಿದ್ದೆ. ಅಲ್ಲ. ಮರದಲ್ಲಿ ಎರಡ್ನೇಯಂವ ಹಿಂದಿಂದ ಬತ್ತ. ನೀರಲ್ಲಿ ಎದ್ರಿಂದ ಬತ್ತ. ಕತ್ತಿ ಅವನ ಕೈಗೆ ಸಿಕ್ಕೂಕೆ ಇರೂದು." ಆಮೇಲೆ ಭಾಸ್ಕರನ ಕಡೆ ತಿರುಗಿ, "ನೀ ಯಾಕೆ ನಗಾಡ್ದೆ ಮಗಾ?" ಎಂದರು. ಆ ಆರಡಿ ಗಂಡಸು ಚಿಕ್ಕ ಮಗುವಿನಂತೆ ಅತ್ತ.

ನೀವು ಬದುಕಿ ಬಂದಿದ್ದೀರಿ, ಅದಕ್ಕೆ ನಾನು ಜಗಳವಾಡುವುದಿಲ್ಲ. ಎಲ್ಲ ನಿಯಮವೂ ದೇವವಾಕ್ಯವೆಂದೂ ಹೇಳುವುದಿಲ್ಲ. ಒಂದೇ ಅಂಗಡಿಯ ಕೊಳವೆಯೇ ಯಾಕೆ ಬೇಕೆಂದು ಪ್ರಕಾಶರನ್ನು ಬಾಯಿಬಿಟ್ಟು ಕೇಳಿ. ಬೋಟಿನ ಮೇಲೆ ಎದುರು ನಿಂತು ವಾದ ಮಾಡಿ, ಕೆಲಸ ಹೋದರೂ ಹೋಗಲಿ. ಆದರೆ ಅವರು ಆ ಕಡೆ ತಿರುಗಿದಾಗ ಕತ್ತಿ ಜಾಗ ಬದಲಿಸುವುದು ವಾದವಲ್ಲ. ಮತ್ತೆ ಇದೇ ತಿಂಗಳ ಇಪ್ಪತ್ತಕ್ಕೆ ಅದೇ ಹಡಗಿಗೆ ಇಳಿಯುತ್ತೀರಂತೆ. ಹೊಸ ಕೊಕ್ಕೆ ಅದಕ್ಕೇ ತಾನೇ?

ಹೊತ್ತಿಗೆ ಸರಿಯಾಗಿ ಉಣ್ಣಿ, ಕಿವಿಗೆ ತಣ್ಣೀರು ತಾಗಿಸಬೇಡಿ ಎಂದು ಬರೆಯಹೊರಟೆ, ನಿಮ್ಮ ಕೆಲಸಕ್ಕೆ ಆ ಮಾತು ಹೊಂದುವುದಿಲ್ಲ. ಅತ್ತೆ ಮಾವ ಹರಸಿದ್ದಾರೆ. ಚಂದನಾ ಹಲ್ಲಿನ ಪೆಟ್ಟಿಗೆ ಅಲ್ಲಾಡಿಸಿ ನಿಮಗೆ ಕೇಳಿಸುತ್ತದೆಯೇ ಎಂದು ಕೇಳಿದಳು. ಕೇಳಿಸುತ್ತದೆ ಎಂದು ಸುಳ್ಳು ಹೇಳಿದ್ದೇನೆ.

ನಿಮ್ಮ,
ದೀಪಾ

ಮರೆತೆ, ಭಾಸ್ಕರ ರೈಲಿಗೆ ಹೊರಡಲು ಅಂಗಳದಲ್ಲೇ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಕಥೆ ಕೇಳಿದವರು ಮರುದಿನ ಬೆಳಿಗ್ಗೆ ಏನು ಮಾಡಿದರೆಂದು ಹೇಳದಿದ್ದರೆ ಅವ್ವನ ಲೆಕ್ಕದಲ್ಲಿ ಕಥೆ ಮುಗಿಯುವುದಿಲ್ಲ. ಅತ್ತೆ ಪೇಟೆಗೆ ಹೋಗಲಿಲ್ಲ, ಬಸಳೆ ದಂಟು ಬುಟ್ಟಿಯಲ್ಲೇ ಬಾಡಿತು. ಸುಬ್ಬಿ ಹೇಳದೆ ಕೇಳದೆ ಬಂದು ನಮ್ಮ ದನದ ಹಾಲು ಕರೆದುಕೊಟ್ಟಳು. ಮಾವ ನಿಮಗೆಂದು ಕೆತ್ತಿದ ಕೊಕ್ಕೆಯನ್ನು ತಾವೇ ಸೊಂಟಕ್ಕೆ ಕಟ್ಟಿಕೊಂಡು ಮರದ ಬುಡಕ್ಕೆ ಹೋದರು. ಹತ್ತುವ ಮೊದಲು ತಿಮ್ಮುವಿಗೆ ಬೆನ್ನು ತಿರುಗಿಸಿ, "ಕೈ ಹಾಕಿ ನೋಡು, ಸಿಕ್ತದ್ಯಾ?" ಎಂದು ಕೇಳಿದರು. ಅವರು ಹಾಗೆ ಕೇಳಿದ್ದನ್ನು ನಾನು ಇದುವರೆಗೆ ಕಂಡಿಲ್ಲ. ಆದ್ದರಿಂದ ನಿಮಗೆ ಕೊಕ್ಕೆ ಬರುವುದಿಲ್ಲ. ಭಾಸ್ಕರ ಇವತ್ತು ಕಿನ್ನರದಿಂದ ಮೊದಲ ಬಸ್ಸಿಗೇ ಬಂದು, ಅತ್ತೆಯ ಕಾಲು ಮುಟ್ಟಿ ಒಂದು ಮಾತು ಕೊಟ್ಟ. ಈ ಪತ್ರ ನಿಮ್ಮ ಕೈಗಿಟ್ಟು ಅವನು ಎದುರೇ ಕೂರುತ್ತಾನೆ. ಓದಿ ಮುಗಿದ ಮೇಲೆ ಇಬ್ಬರೂ ಎದ್ದು ಪ್ರಕಾಶರ ಬಳಿಗೆ ಹೋಗಿ ನಡೆದದ್ದನ್ನು ಹೇಳಬೇಕು. ನೀವು ಏಳದಿದ್ದರೆ ಅವನೊಬ್ಬನೇ ಹೋಗಿ ಹೇಳುತ್ತಾನೆ, ನಿಮ್ಮ ಜೊತೆ ಇನ್ನು ನೀರಿಗೆ ಇಳಿಯುವುದಿಲ್ಲ. ಇದೇ ಕೊನೆಯ ಸಾಲು. ಅವನು ನಿಮ್ಮನ್ನು ನೋಡುತ್ತಿದ್ದಾನೆ, ಏಳಿ.